ಕ್ರೌಂಚದ್ವೀಪೇ, ಜೋರ್ಡಾನ್ ತೀರೇ

ಕಾಫಿ ಕುಡಿಯದವರನ್ನು ನಾನು ಪೂರ್ತಿ ನಂಬುವುದಿಲ್ಲ. ನಂಜನಗೂಡಿನಲ್ಲಿ ಕನ್ನಡ ಮೇಷ್ಟರಾಗಿ ನಿವೃತ್ತನಾದವನಿಗೆ ಇಷ್ಟಾದರೂ ಒಂದು ಸಿದ್ಧಾಂತ ಬೇಡವೆ? ನನ್ನ ಗ್ರಹಚಾರಕ್ಕೆ ಮಗ ಕೆಲಸ ಹಿಡಿದು ಮನೆ ಮಾಡಿದ್ದು ಅಮೆರಿಕದ ಯೂಟಾದಲ್ಲಿ, ಲೀಹೈ ಎಂಬ ಊರಿನಲ್ಲಿ. ಅಲ್ಲಿ ಬೀದಿಗೆ ಬೀದಿಯೇ ಕಾಫಿ ಮುಟ್ಟದ ಮಾರ್ಮನ್ ಎಂಬ ಕ್ರೈಸ್ತ ಪಂಥದವರು. ಹೆಂಡ, ಹೊಗೆಸೊಪ್ಪು, 'ಬಿಸಿ ಪಾನೀಯ' ಇವೆಲ್ಲ ವರ್ಜ್ಯವೆಂದು 1833ರಲ್ಲಿ ಅವರ ಪ್ರವಾದಿ ಜೋಸೆಫ್ ಸ್ಮಿತ್‌ಗೆ ದೇವರ ಅಪ್ಪಣೆಯಾಯಿತಂತೆ. ಬಿಸಿ ಪಾನೀಯ ಅಂದರೆ ಕಾಫಿ ಮತ್ತು ಟೀ ಎಂದು ಹಿರಿಯರು ಅರ್ಥ ಹೇಳಿದರು. ಹೀಗಾಗಿ ಹೊಗೆಯಾಡುವ ಚಾಕೊಲೇಟ್ ಹಾಲು ಕುಡಿಯಬಹುದು, ಐಸು ಹಾಕಿದ ಕಾಫಿ ಕುಡಿಯಬಾರದು. ಇದರ ತರ್ಕ ಕೇಳಬೇಡಿ. ಏಕಾದಶಿಯ ದಿನ ಅಕ್ಕಿ ಬಿಟ್ಟು ಅವಲಕ್ಕಿ ತಿನ್ನುವ ಮನೆತನದವನು ನಾನು, ಕೇಳುವ ಬಾಯಿ ನನಗೂ ಇಲ್ಲ.

ವೀಸಾ, ವಿಮಾನ, ಮೊಮ್ಮಗಳು, ಬ್ಯಾಗಿನಲ್ಲಿ ಚಟ್ನಿಪುಡಿ ಒಡೆದದ್ದು, ಇದೆಲ್ಲ ನಿಮಗೆ ಗೊತ್ತಿರುವ ಕಥೆಯೇ. ನೇರ ಬಾಗಿಲಿಗೆ ಬರುತ್ತೇನೆ. ಆ ಬಾಗಿಲಿನಲ್ಲಿ ಕ್ಯಾಮೆರಾ ಇತ್ತು. ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ಬಿಲ್ಲೆ ಹಾಕಿಕೊಂಡ ಇಬ್ಬರು ಮಾರ್ಮನ್ ಪ್ರಚಾರಕ ಹುಡುಗರು ಅದರಲ್ಲಿ ಕಂಡ ಕೂಡಲೇ ಮಗ, ಸೊಸೆ ಇಬ್ಬರೂ ದೀಪ ಆರಿಸಿ ಉಸಿರು ಬಿಗಿಹಿಡಿದು ಕೂರುತ್ತಿದ್ದರು. ದೊಡ್ಡ ಕಂಪನಿಯಲ್ಲಿ ಮೂವತ್ತು ಜನರನ್ನು ಆಳುವ ನನ್ನ ಮಗ ಸೋಫಾದ ಹಿಂದೆ ಬಗ್ಗಿ ಕೂತ ಭಂಗಿ ನೋಡಿ ನನಗೆ ನಾಚಿಕೆಯಾಯಿತು. ಮನೆಗೆ ಬಂದವರನ್ನು ಹೊರಗೆ ನಿಲ್ಲಿಸುವುದುಂಟೆ? ಮಗ ಆಫೀಸಿಗೆ ಹೋಗಿದ್ದಾಗ ಗಂಟೆ ಬಾರಿಸಿತು, ಬಾಗಿಲು ತೆಗೆದೆ. ನಿಜ ಹೇಳಬೇಕೆಂದರೆ ಅತಿಥಿ ಸತ್ಕಾರಕ್ಕಿಂತ ದೊಡ್ಡದು ನನ್ನ ಹಸಿವು. ಪಾಠ ಹೇಳಲು ಮಕ್ಕಳು ಸಿಗದೆ ನಾಲಿಗೆ ಒಣಗಿ ಹೋಗಿತ್ತು.

ಒಬ್ಬ ಐಡಹೋದ ರೈತರ ಮನೆಯ ಹುಡುಗ, ಉದ್ದಕ್ಕೆ ಬೆಳೆದವನು. ಇನ್ನೊಬ್ಬ ಪೆಸಿಫಿಕ್ ಸಾಗರದ ಟೊಂಗಾ ದ್ವೀಪದಿಂದ ಬಂದವನು, ಅಗಲಕ್ಕೆ ಬೆಳೆದವನು. ಇಬ್ಬರಿಗೂ ಮೀಸೆ ಸರಿಯಾಗಿ ಬಂದಿಲ್ಲ, ಬಿಲ್ಲೆಯಲ್ಲಿ ಮಾತ್ರ 'ಎಲ್ಡರ್' ಎಂಬ ಬಿರುದು. ಎರಡು ವರ್ಷ ಈ ಧರ್ಮಪ್ರಚಾರದ ಕೆಲಸ. ಹುಡುಗಿಯರಿಗೆ ಹದಿನೆಂಟು ತಿಂಗಳು. ಮೊದಲು ಗಂಡುಮಕ್ಕಳು ಹತ್ತೊಂಬತ್ತಕ್ಕೆ ಹೊರಡುತ್ತಿದ್ದರಂತೆ, 2012ರಿಂದ ಹದಿನೆಂಟಕ್ಕೇ ಅಪ್ಪಣೆಯಾಗಿದೆ. ಯಾವ ದೇಶ ಎಂದು ತಾವು ಆರಿಸಿಕೊಳ್ಳುವ ಹಾಗಿಲ್ಲ, ಮೇಲಿನಿಂದ ಪತ್ರ ಬರುತ್ತದೆ. ಖರ್ಚೂ ಸ್ವಂತದ್ದೇ, ಐಡಹೋದವನ ಮನೆಯವರು ತಿಂಗಳಿಗೆ 500 ಡಾಲರ್ ಕಟ್ಟುತ್ತಾರೆ. ಬೆಳಗ್ಗೆ ಆರೂವರೆಗೆ ಏಳಬೇಕು, ಓದಬೇಕು, ಸೈಕಲ್ ಹತ್ತಿ ಮನೆಮನೆ ತಿರುಗಬೇಕು. ಸಿನಿಮಾ ಇಲ್ಲ, ಹುಡುಗಿಯರ ಸಹವಾಸ ಇಲ್ಲ. ಜೊತೆಗಾರನ ಕಣ್ಣಳತೆ ಬಿಟ್ಟು ಹೋಗುವ ಹಾಗಿಲ್ಲ. ಬಟ್ಟೆ ಒಗೆಯಲು, ಮನೆಗೆ ಫೋನ್ ಮಾಡಲು ವಾರಕ್ಕೊಂದು ದಿನ. ಆ ವಾರದ ಫೋನೂ 2019ರಿಂದ ಈಚಿನದು, ಅದಕ್ಕೆ ಮುಂಚೆ ಕ್ರಿಸ್‌ಮಸ್ಸಿಗೊಂದು, ಅಮ್ಮಂದಿರ ದಿನಕ್ಕೊಂದು. ರಾತ್ರಿ ಊಟಕ್ಕೆ ಚರ್ಚಿನ ಕುಟುಂಬಗಳು ಒಂದು ಪಟ್ಟಿ ಮಾಡಿಕೊಂಡಿರುತ್ತವೆ, ಇವತ್ತು ಇವರ ಮನೆ, ನಾಳೆ ಅವರ ಮನೆ.

ಇದನ್ನು ಕೇಳಿದ್ದೇ ನಾನು ಎದ್ದು ನಿಂತೆ. "ವಾರಾನ್ನ!" ಎಂದು ಕೂಗಿದೆ. ನಮ್ಮಪ್ಪ ಮೈಸೂರಿನಲ್ಲಿ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ವಾರಾನ್ನ ಉಂಡುಕೊಂಡು ಓದಿದವರು. ಗುರುವಾರದ ಮನೆಯಾಕೆ ಸಾರಿಗೆ ಉಪ್ಪೇ ಹಾಕುತ್ತಿರಲಿಲ್ಲ ಎಂದು ಸಾಯುವವರೆಗೂ ಗೊಣಗುತ್ತಿದ್ದರು. ಅದನ್ನೂ ಹೇಳಿದೆ. ಟೊಂಗಾದವನು ಜೊತೆಗಾರನ ಮುಖ ನೋಡಿದ. ಅವರಿಗೂ ಒಂದು ಗುರುವಾರದ ಮನೆ ಇದೆಯೆಂದು ನನಗೆ ತಿಳಿದುಹೋಯಿತು.

ಇನ್ನು ಕೊಡುವುದೇನನ್ನು? ಕಾಫಿ ಇಲ್ಲ, ಟೀ ಇಲ್ಲ. ನನ್ನ ಹೆಂಡತಿ ಧನಿಯಾ ಜೀರಿಗೆ ಕಷಾಯ ಮಾಡಿ ತಂದಳು. ಇದರಲ್ಲಿ ಟೀ ಎಲೆ ಇದೆಯೇ ಎಂದು ಐಡಹೋದವನು ವಿನಯದಿಂದ ಕೇಳಿದ. "ಎಲೆ ಇಲ್ಲ ಕಣಪ್ಪ, ಬರೀ ಬೀಜ" ಎಂದಳು ಇವಳು, ಕನ್ನಡದಲ್ಲೇ. ಅವರು ಕುಡಿದರು. ಎರಡನೇ ಲೋಟವನ್ನೂ ಕುಡಿದರು.

ಅವಳ ತವರು ತಿರುಮಕೂಡಲು ನರಸೀಪುರ ಎಂಬುದನ್ನು ಇಲ್ಲಿ ಹೇಳಬೇಕು, ಯಾಕೆಂದರೆ ಮುಂದಿನದೆಲ್ಲ ಅದರ ಫಲ. ಹುಡುಗರು ತಮ್ಮ ಧರ್ಮಗ್ರಂಥ ತೆರೆದು, ನ್ಯೂಯಾರ್ಕಿನ ಒಂದು ಗುಡ್ಡದಲ್ಲಿ ಜೋಸೆಫ್ ಸ್ಮಿತ್‌ಗೆ ಚಿನ್ನದ ತಗಡುಗಳು ಸಿಕ್ಕಿದ್ದು, ಅವನ್ನು ಭಾಷಾಂತರಿಸಿ 1830ರಲ್ಲಿ ಅಚ್ಚು ಹಾಕಿಸಿದ್ದು ಎಲ್ಲವನ್ನೂ ಹೇಳುತ್ತಿದ್ದರು. ನಾನು ಸುಮ್ಮನೆ ಕೇಳಬಹುದಿತ್ತು. ಕೇಳಲಿಲ್ಲ. ಟಿಪ್ಪುವಿನ ಆನೆಯ ಕಣ್ಣು ವಾಸಿಯಾಗಿ, ಅವನು ನಮ್ಮ ನಂಜುಂಡೇಶ್ವರನಿಗೆ ಹಕೀಮ್ ನಂಜುಂಡ ಎಂದು ಹೆಸರಿಟ್ಟು ಪಚ್ಚೆಯ ಲಿಂಗ ಕೊಟ್ಟ ಕಥೆ ಹೇಳಿದೆ. ದೊಡ್ಡ ಜಾತ್ರೆಯ ಐದು ತೇರು ಎಳೆದೆ. ರಸಬಾಳೆಗೆ ಬಂದೆ. ಅಷ್ಟರಲ್ಲಿ ಒಳಗಿಂದ ಇವಳು ಬಂದು ಕುರ್ಚಿ ಎಳೆದುಕೊಂಡು ಕೂತಳು.

"ಅವರೂರಲ್ಲಿ ಸೇರೋದು ಎರಡೇ ನದಿ" ಎಂದಳು. "ನಮ್ಮೂರಲ್ಲಿ ಮೂರು ಸೇರುತ್ತೆ. ಕಾವೇರಿ, ಕಪಿಲಾ, ಸ್ಫಟಿಕ ಸರೋವರ. 1989ರಿಂದ ಕುಂಭಮೇಳ ನಡೀತಿದೆ. ನಮ್ಮ ಗುಂಜಾ ನರಸಿಂಹ ಬೆರಳಲ್ಲಿ ಗುಲಗಂಜಿ ಹಿಡ್ಕೊಂಡಿದಾನೆ. ಯಾಕೆ ಗೊತ್ತಾ? ನಮ್ಮೂರು ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು."

ನಾನು ಇದನ್ನು ಇಂಗ್ಲಿಷಿಗೆ ತಿರುಗಿಸಬೇಕಾಯಿತು. ಮೇಷ್ಟರ ಪ್ರಾಮಾಣಿಕತೆಯಿಂದ ತಿರುಗಿಸಿದೆ, ಗುಲಗಂಜಿಯನ್ನು ಮಾತ್ರ ಕೊಂಚ ಸಣ್ಣದು ಮಾಡಿದೆ. ಟೊಂಗಾದವನು ಮೂರನೆಯ ನದಿ ಎಲ್ಲಿದೆ, ಫೋಟೋ ಇದೆಯೆ ಎಂದು ಕೇಳಿದ.

"ಅದು ಕಾಣಲ್ಲ, ಗುಪ್ತವಾಗಿದೆ" ಎಂದಳು.

ನಾನು ಗೆದ್ದೆ ಎಂದುಕೊಂಡೆ. ಆದರೆ ಹುಡುಗರ ಮುಖದಲ್ಲಿ ಅಪಾರವಾದ ಸಮಾಧಾನ ಹರಡಿತು. ಅವರ ಚಿನ್ನದ ತಗಡುಗಳನ್ನೂ ದೇವದೂತ ವಾಪಸ್ಸು ತೆಗೆದುಕೊಂಡು ಹೋಗಿದ್ದಾನೆ, ಈಗ ಯಾರಿಗೂ ಕಾಣುವುದಿಲ್ಲ. ಆ ಕ್ಷಣದಿಂದ ಅವರು ನರಸೀಪುರದ ಪಕ್ಷ. ಕಣ್ಣಿಗೆ ಕಾಣುವ ಪಚ್ಚೆ ಲಿಂಗಕ್ಕೆ ಕವಡೆ ಕಿಮ್ಮತ್ತು ಉಳಿಯಲಿಲ್ಲ.

ಹೊರಡುವ ಮುಂಚೆ ಪ್ರಾರ್ಥನೆ ಅವರ ಪದ್ಧತಿ. ಕೈ ಕಟ್ಟಿ, ಕಣ್ಣು ಮುಚ್ಚಿ, ಮನೆಯವರಲ್ಲಿ ಒಬ್ಬರಿಗೆ ಪ್ರಾರ್ಥಿಸಲು ಹೇಳುತ್ತಾರೆ. "ನೀವು ಹೇಳಿ ಸಾರ್, ನಿಮ್ಮ ಭಾಷೆಯಲ್ಲೇ, ಮನಸ್ಸಿಗೆ ಬಂದಂತೆ" ಎಂದರು. ಮನಸ್ಸಿಗೆ ಬಂದಂತೆ ದೇವರ ಹತ್ತಿರ ಮಾತಾಡುವುದನ್ನು ನಮ್ಮ ಮನೆಯಲ್ಲಿ ಯಾರೂ ಕಲಿಸಿಲ್ಲ. ದೇವರ ಮುಂದೆ ಕಣ್ಣು ಮುಚ್ಚಿದರೆ ನನ್ನ ಬಾಯಿಗೆ ಬರುವುದು ಒಂದೇ, ಸಂಕಲ್ಪ. ಶುರು ಮಾಡಿದೆ.

ಬ್ರಹ್ಮನ ಆಯುಸ್ಸಿನ ಲೆಕ್ಕ, ಶ್ವೇತವರಾಹ ಕಲ್ಪ, ವೈವಸ್ವತ ಮನ್ವಂತರ, ಕಲಿಯುಗದ ಮೊದಲ ಪಾದ, ಎಲ್ಲ ಸರಾಗವಾಗಿ ಹರಿಯಿತು. ಕಾಲಕ್ಕೆ ತೊಂದರೆಯಿಲ್ಲ, ತೊಂದರೆ ಬಂದದ್ದು ಜಾಗಕ್ಕೆ. ಜಂಬೂದ್ವೀಪೇ ಎಂದು ನಾಲಿಗೆಯ ತುದಿಗೆ ಬಂತು, ತಡೆದೆ. ಇದು ಜಂಬೂದ್ವೀಪವಲ್ಲವಲ್ಲ! ನಾನು ತಡೆದು ನಿಂತದ್ದನ್ನು ಮುಕ್ತಾಯವೆಂದು ತಿಳಿದು ಹುಡುಗರಿಬ್ಬರೂ "ಆಮೆನ್" ಎಂದರು. ಇನ್ನೂ ಇದೆ ಎಂದು ಸನ್ನೆ ಮಾಡಿದೆ, ಕಣ್ಣು ಮುಚ್ಚಿದ್ದವರಿಗೆ ಕಾಣಲಿಲ್ಲ. ಅಮೆರಿಕದ ಪುರೋಹಿತರು ಈ ದೇಶಕ್ಕೆ ಕ್ರೌಂಚದ್ವೀಪ ಎನ್ನುತ್ತಾರೆಂದು ಮಗನ ಗೃಹಪ್ರವೇಶದಲ್ಲಿ ಕೇಳಿದ ನೆನಪು ಬಂತು. ಕ್ರೌಂಚದ್ವೀಪೇ, ರಮಣಕವರ್ಷೇ, ಐಂದ್ರಖಂಡೇ. ಹುಮ್ಮಸ್ಸು ಏರಿತು. ಮುಂದೆ ನದಿ. ಊರಿನಲ್ಲಿ ಕಪಿಲೆಯ ದಡದಲ್ಲೇ ಕೂತು ಗೋದಾವರಿಯ ದಕ್ಷಿಣ ತೀರ ಎನ್ನುತ್ತೇವೆ, ಲೆಕ್ಕಕ್ಕೆ ತಪ್ಪಲ್ಲ. ಇಲ್ಲಿ ಯಾವ ನದಿ? ಯೂಟಾ ಸರೋವರದಿಂದ ಹೊರಟು ಉಪ್ಪಿನ ಸರೋವರ ಸೇರುವ ಹೊಳೆಯೊಂದಿದೆ, ಸಂಜೆ ಅದರ ದಡದಲ್ಲೇ ನಮ್ಮ ವಾಕಿಂಗ್. ಬೈಬಲ್ಲಿನ ಮೇಲಿನ ಭಕ್ತಿಯಿಂದ ಇಲ್ಲಿನ ಪೂರ್ವಿಕರು ಅದಕ್ಕಿಟ್ಟ ಹೆಸರು ಜೋರ್ಡಾನ್. "ಜೋರ್ಡಾನ್ ನದ್ಯಾಃ ಪೂರ್ವೇ ತೀರೇ" ಎಂದೆ, ಗಟ್ಟಿಯಾಗಿ.

ಅಷ್ಟೂ ಹೊತ್ತಿನಲ್ಲಿ ಅವರಿಗೆ ಅರ್ಥವಾದ ಮೊದಲ ಮಾತು ಅದು. ಏಸುವಿಗೆ ದೀಕ್ಷಾಸ್ನಾನವಾದ ನದಿಯ ಹೆಸರು! ಐಡಹೋದವನ ಗಂಟಲು ಗದ್ಗದವಾಯಿತು. "ಆಮೆನ್!"

ಸಂವತ್ಸರಕ್ಕೆ ಬಂದೆ. ವಿಶ್ವಾವಸು. ಗ್ರೀಷ್ಮ ಋತು, ಜ್ಯೇಷ್ಠ ಮಾಸ, ಏಕಾದಶ್ಯಾಂ ಎನ್ನುವಾಗ ಅಡುಗೆಮನೆಯಿಂದ ಇವಳ ದನಿ ಬಂತು: "ಏಕಾದಶಿ ಅಲ್ಲಾರೀ, ಮೈಸೂರಲ್ಲಿ ಏಕಾದಶಿ. ನಾವು ಹನ್ನೊಂದೂವರೆ ಗಂಟೆ ಹಿಂದಿದೀವಿ, ಇಲ್ಲಿ ಇನ್ನೂ ದಶಮಿ."

"ಒಂಟಿಕೊಪ್ಪಲ್ ಪಂಚಾಂಗದಲ್ಲಿ..."

"ಒಂಟಿಕೊಪ್ಪಲ್ ಇರೋದು ಮೈಸೂರಲ್ಲಿ!"

"ಆಮೆನ್" ಎಂದ ಟೊಂಗಾದವನು, ಸ್ವಲ್ಪ ಅನುಮಾನದಿಂದ.

ದಶಮಿಯೆಂದು ಒಪ್ಪಿಕೊಂಡು ಮುಂದುವರಿದೆ. ಕುಟುಂಬದ ಕ್ಷೇಮ, ಸ್ಥೈರ್ಯ, ಆಯುಸ್ಸು, ಆರೋಗ್ಯ, ಐಶ್ವರ್ಯ ಎಲ್ಲವನ್ನೂ ಹೆಸರು ಹಿಡಿದು ಕೇಳಿದ್ದಾಯಿತು. ಇನ್ನು ಕೊನೆಯ ಶಬ್ದ, ಕರಿಷ್ಯೇ. ಮಾಡುತ್ತೇನೆ. ಏನನ್ನು ಮಾಡುತ್ತೇನೆ? ಪೂಜೆಯಿಲ್ಲ, ವ್ರತವಿಲ್ಲ, ಹೋಮವಿಲ್ಲ. ಬ್ರಹ್ಮನ ದ್ವಿತೀಯ ಪರಾರ್ಧದಿಂದ ಹೊರಟು ಲೀಹೈ ಊರಿನ ಸೋಫಾದವರೆಗೆ ಬಂದು ತಲುಪಿದ್ದೇನೆ, ಕೈಯಲ್ಲಿ ಕೆಲಸವಿಲ್ಲ. ಸಂಕಲ್ಪವನ್ನು ಅರ್ಧಕ್ಕೆ ಬಿಟ್ಟರೆ ದೋಷ. ಆಗ ಒಳಗಿನಿಂದ ಫಿಲ್ಟರಿನ ಡಿಕಾಕ್ಷನ್ ವಾಸನೆ ತೇಲಿ ಬಂತು.

"ಕಾಫಿಪಾನಂ ಕರಿಷ್ಯೇ" ಎಂದೆ.

"ಆಮೆನ್!" ಎಂದರು ಇಬ್ಬರೂ, ಮನೆ ಮೊಳಗುವಂತೆ. ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು.

ಅಂದಿನಿಂದ ಅವರು ತಪ್ಪದೆ ಬರತೊಡಗಿದರು. ನಾನು ಅವರಿಗೆ ಕಿಟ್ಟೆಲ್ ಕಥೆ ಹೇಳಿದೆ. 1853ರಲ್ಲಿ ಅವರ ಪಂಥದ ರಿಚರ್ಡ್ ಬ್ಯಾಲಂಟೈನ್ ಮದರಾಸಿಗೆ ಬಂದಿಳಿದ, ಸ್ವಲ್ಪ ಕಾಲದಲ್ಲೇ ಹಿಂದಿರುಗಿದ. ಅದೇ ವರ್ಷ ಬಾಸೆಲ್ ಮಿಷನ್ನಿನ ಇಪ್ಪತ್ತೊಂದರ ಹುಡುಗ ಫರ್ಡಿನಾಂಡ್ ಕಿಟ್ಟೆಲ್ ನಮ್ಮ ಕಡೆಗೆ ಬಂದ, 1894ರಲ್ಲಿ ಕನ್ನಡಕ್ಕೆ ನಿಘಂಟು ಕೊಟ್ಟ. "ನೀವೂ ಜನರನ್ನು ಹುಡುಕೋದು ಬಿಟ್ಟು ಪದ ಹುಡುಕಿ" ಎಂದೆ. ಅವರು ನಕ್ಕರು. 1993ರಿಂದ ಬೆಂಗಳೂರಿನಲ್ಲೂ ತಮ್ಮ ಮಿಷನ್ ಇದೆ ಎಂದರು.

ಮೈಸೂರಿನ ನನ್ನ ಷಡ್ಡಕನಿಗೆ ಈ ವಿಷಯ ಯಾರು ಮುಟ್ಟಿಸಿದರೋ, ವಾಟ್ಸಾಪಿನಲ್ಲಿ ಎಚ್ಚರಿಕೆಯ ಸುರಿಮಳೆ. ಭಾವ ಮತಾಂತರವಾಗುತ್ತಿದ್ದಾರೆ, ಪಾಸ್‌ಪೋರ್ಟ್ ಭದ್ರವಾಗಿಡಿ, ಕಷಾಯವನ್ನೂ ಕೊಡಬೇಡಿ. ಈತ ಹಿಂದೆ ಯಾವುದೋ ಚೈನ್ ಮಾರ್ಕೆಟಿಂಗಿನ ಸೋಪು ಹಿಡಿದು ನಮ್ಮ ಬಂಧುಬಳಗದ ಒಂದು ಬಾಗಿಲನ್ನೂ ಬಿಡದೆ ತಟ್ಟಿದವನು. ಆ ಸೋಪು ಹಚ್ಚಿಕೊಂಡು ನನ್ನ ಬೆನ್ನು ತುರಿಸಿದಷ್ಟು ಜೋಸೆಫ್ ಸ್ಮಿತ್ ಎಂದೂ ತುರಿಸಲಿಲ್ಲ.

ಹಾಗೆಂದು ಎಲ್ಲಕ್ಕೂ ತಲೆಯಾಡಿಸಿದೆ ಎಂದಲ್ಲ. ಸತ್ತ ಪೂರ್ವಜರ ಪರವಾಗಿ ಬದುಕಿರುವವರು ಟೆಂಪಲ್‌ನಲ್ಲಿ ನೀರಿಗಿಳಿದು ದೀಕ್ಷಾಸ್ನಾನ ಪಡೆಯುತ್ತಾರೆಂದು ಅವರು ಒಂದು ದಿನ ಹೇಳಿದಾಗ ನನಗೆ ಸಿಟ್ಟೇ ಬಂತು. ಅದಕ್ಕಾಗಿಯೇ ಅವರು ಲೋಕದ ವಂಶಾವಳಿಯನ್ನೆಲ್ಲ ಕಲೆಹಾಕಿ ಸಾಲ್ಟ್ ಲೇಕ್ ಸಿಟಿಯ ಹತ್ತಿರ ಬೆಟ್ಟ ಕೊರೆದು ಅದರೊಳಗೆ ಇಟ್ಟಿದ್ದಾರೆ. ನಮ್ಮಪ್ಪನನ್ನು ಯಾರಾದರೂ ಹೀಗೆ ಅವರನ್ನೇ ಕೇಳದೆ ಮುಳುಗಿಸಿದರೆ? ಚಳಿಗಾಲದಲ್ಲಿ ಕಪಿಲೆಗೇ ಇಳಿಯುತ್ತಿರಲಿಲ್ಲ ಆ ಮನುಷ್ಯ. ತಮ್ಮ ತಮ್ಮ ವಂಶದವರ ಹೆಸರು ಮಾತ್ರ ಕೊಡಬೇಕೆಂಬ ನಿಯಮವಿದೆ, ಒಪ್ಪುವುದು ಬಿಡುವುದು ಆ ಆತ್ಮಕ್ಕೆ ಬಿಟ್ಟದ್ದು ಎಂದು ಐಡಹೋದವನು ಸಮಾಧಾನ ಮಾಡಿದ. ನನ್ನ ಮುಖ ಸಡಿಲವಾಗಲಿಲ್ಲ.

ಟೊಂಗಾದವನು ಆ ದಿನ ಮಾತಾಡಲಿಲ್ಲ. ಮುಂದಿನ ವಾರವೂ ಇಲ್ಲ. ಇವಳು ಬಿಡದೆ ಕೇಳಿದ ಮೇಲೆ ಹೊರಬಂತು: ಅಜ್ಜಿ ತೀರಿಕೊಂಡಿದ್ದಾಳೆ. ಸಾಕಿದವಳು ಅವಳೇ. ಮಣ್ಣಿಗೆ ಹೋಗಲಿಲ್ಲ, ವೀಡಿಯೋದಲ್ಲಿ ನೋಡಿದನಂತೆ. ಹೋಗಬೇಕೆಂದು ಹಟ ಹಿಡಿದಿದ್ದರೆ ಕಳಿಸುತ್ತಿದ್ದರೋ ಏನೋ, ಇವನೇ ಕೆಲಸ ಅರ್ಧಕ್ಕೆ ಬಿಡುವುದಿಲ್ಲ ಎಂದನಂತೆ. ಹತ್ತೊಂಬತ್ತು ವರ್ಷದ ಹುಡುಗ, ಟೈ ಸರಿಮಾಡಿಕೊಳ್ಳುತ್ತಾ ಹೇಳಿದ. ಆ ವ್ರತ ಕೊಟ್ಟವರ ಮೇಲೆ, ಹುಡುಗರನ್ನು ಹೀಗೆ ಲೋಕದ ಮೂಲೆಮೂಲೆಗೆ ಅಟ್ಟುವವರ ಮೇಲೆ ನನಗೆ ಅಂದು ಬಂದ ಕೋಪ ಇನ್ನೂ ಹೋಗಿಲ್ಲ.

ಇವಳು ಅವನ ತಟ್ಟೆಗೆ ಇನ್ನೊಂದು ಸೌಟು ಪಾಯಸ ಬಡಿಸಿ ನನ್ನ ಕಡೆ ತಿರುಗಿದಳು. "ಅಜ್ಜಿ ಹೆಸರು ಬರ್ಕೊಳಿ. ಮಹಾಲಯ ಅಮಾವಾಸ್ಯೆಗೆ ಸಂಗಮದಲ್ಲಿ ನೀವು ತರ್ಪಣ ಕೊಡ್ತೀರಲ್ಲ, ಅವರಿಗೂ ಒಂದು ಕೊಟ್ಟುಬಿಡಿ."

"ಗೋತ್ರ ಕೇಳ್ತಾರೆ ಕಣೇ."

"ಗೋತ್ರ ಗೊತ್ತಿಲ್ಲದೋರಿಗೆ ಕಾಶ್ಯಪ. ಅಷ್ಟೂ ಗೊತ್ತಿಲ್ವಾ?"

ಆ ಅಜ್ಜಿಯನ್ನು ಕೇಳಿದವರು ಯಾರು? ನಾನು ಬಾಯಿ ತೆರೆದೆ, ಇವಳ ಮುಖ ನೋಡಿ ಮುಚ್ಚಿದೆ. ಹುಡುಗನಿಗೆ ವಿಷಯ ವಿವರಿಸಿದಾಗ ಅವನಿಗೆ ಒಂದಿಷ್ಟೂ ವಿಚಿತ್ರ ಅನ್ನಿಸಲಿಲ್ಲ. ನನ್ನ ಡೈರಿ ತೆಗೆದುಕೊಂಡು ಹೆಸರನ್ನು ತಾನೇ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟ.

ಸ್ವಲ್ಪ ದಿನಕ್ಕೆ ಇಬ್ಬರಿಗೂ ಬೇರೆ ಕಡೆಗೆ ವರ್ಗವಾಯಿತು. ಅದೂ ಅವರ ಪದ್ಧತಿ, ಒಂದೇ ಕಡೆ ಬಹಳ ಕಾಲ ಬಿಡುವುದಿಲ್ಲ. ಆಮೇಲೊಂದು ಸಂಜೆ ಗಂಟೆ ಬಾರಿಸಿತು. ಹೊಸ ಜೋಡಿ, ಅದೇ ಬಿಳಿ ಅಂಗಿ. ಹೋಗುವವರು ಪ್ರತಿ ಮನೆಯ ವಿಷಯವನ್ನೂ ಬರುವವರಿಗಾಗಿ ಫೋನಿನಲ್ಲಿ ದಾಖಲಿಸಿ ಹೋಗುತ್ತಾರೆಂದು ನನಗೆ ಗೊತ್ತಾದದ್ದು ಆಗಲೇ. ಮುಂದೆ ನಿಂತವನು ಫೋನು ನೋಡಿಕೊಂಡು ಮುಗುಳ್ನಕ್ಕು ಕೇಳಿದ: "ಸಾರ್, ಬೀಜದ ಕಷಾಯ ಸಿಗುವ ಮನೆ ಇದೇನಾ? ನೀವು ಟಿ. ನರಸೀಪುರದ ಹತ್ತಿರದ ಯಾವುದೋ ಸಣ್ಣ ಊರಿನವರಂತೆ?"

ಒಳಗೆ ಇವಳು ನಕ್ಕದ್ದು ಕೇಳಿಸಿತು.

"ಶೂ ಬಿಚ್ಚಿ, ಒಳಗೆ ಬನ್ನಿ" ಎಂದೆ. "ಫೋನ್ ಆರಿಸಬೇಡಿ. ತಿದ್ದೋದಿದೆ. ಮೊದಲು ಆನೆಯಿಂದ ಶುರು ಮಾಡೋಣ."