ರಾಗ ಅವರದು, ಒಣಸಿಗಡಿ ನಮ್ಮದು

ಕ್ವಾಯರ್ ಜರ್ಮನಿಗೆ ಹೋಗಲಿದೆ ಎಂದು ಆರಾಧನೆಯ ಕೊನೆಯಲ್ಲಿ ಪ್ರಕಟಣೆ ಓದಿದ್ದೇ ತಡ, ನಮ್ಮ ಸಭೆಯಲ್ಲಿ ಸಂಗೀತಪ್ರೇಮ ಉಕ್ಕಿ ಹರಿಯಿತು. ಕ್ರಿಸ್ಮಸ್ ಕ್ಯಾರಲ್‌ಗೆ ಕರೆದರೂ ಗಂಟಲುನೋವಿನ ನೆಪ ಹೇಳುತ್ತಿದ್ದವರು ಪ್ರಾಕ್ಟೀಸಿಗೆ ಕಾಲು ಗಂಟೆ ಮೊದಲೇ ಹಾಜರು. ಸ್ವರಪರೀಕ್ಷೆಗಿಂತ ಮುಂಚೆ ಪಾಸ್‌ಪೋರ್ಟ್ ಪರೀಕ್ಷೆ ನಡೆಯಿತು. ಸ್ವರ ಇದ್ದವರಿಗೆ ಪಾಸ್‌ಪೋರ್ಟ್ ಇರಲಿಲ್ಲ. ಪಾಸ್‌ಪೋರ್ಟ್ ಇದ್ದವರಿಗೆ... ಹೋಗಲಿ ಬಿಡಿ, ಅವರೂ ನಮ್ಮವರೇ.

ವೀಸಾಕ್ಕೆ ಬ್ಯಾಂಕಿನ ಲೆಕ್ಕ, ಆಮಂತ್ರಣ ಪತ್ರ, ವಾಪಸು ಟಿಕೆಟ್ ಎಲ್ಲವೂ ಬೇಕು. ನೀವು ಖಂಡಿತ ಹಿಂದಿರುಗುತ್ತೀರಿ ಎಂಬುದಕ್ಕೆ ಏನು ಆಧಾರ ಎಂದು ಕೇಳಿದರೆ ನಮ್ಮ ಬಾಸ್ ವಿಭಾಗದ ಹಿರಿಯರು, "ಅಲ್ಲಿ ಕುಚ್ಚಲಕ್ಕಿ ಗಂಜಿ ಸಿಗುವುದಿಲ್ಲವಲ್ಲ ಮಾರಾಯ್ರೆ" ಅಂದರಂತೆ. ಇದಕ್ಕಿಂತ ಗಟ್ಟಿ ದಾಖಲೆ ಬೇಕೆ?

ಗಂಜಿಗಿಂತ ದೊಡ್ಡ ಚರ್ಚೆ ನಡೆದದ್ದು ಒಣಸಿಗಡಿ ಚಟ್ನಿಯ ಬಗ್ಗೆ. ಐರೋಪ್ಯ ಒಕ್ಕೂಟದೊಳಕ್ಕೆ ಪ್ರಯಾಣಿಕರು ಹೊರಗಿನಿಂದ ಮಾಂಸ, ಹಾಲಿನ ಪದಾರ್ಥ ಒಯ್ಯುವಂತಿಲ್ಲ. ಮೀನನ್ನು ಮಾತ್ರ, ಸ್ವಂತ ಊಟಕ್ಕಾದರೆ, ತಲೆಗೆ 20 ಕಿಲೋವರೆಗೆ ಒಯ್ಯಬಹುದು. ಪೇಡ ತಂದವನು ಅಪರಾಧಿ, ಒಣಮೀನು ತಂದವನು ಸಭ್ಯ! ಕರಾವಳಿಯವರ ಮೇಲೆ ಇಷ್ಟು ಕರುಣೆ ಇರುವ ಕಾನೂನು ನಮ್ಮ ದೇಶದ ಬಸ್ಸುಗಳಲ್ಲೂ ಇಲ್ಲ. ಹಾರ್ಮೋನಿಯಂ ತೂಕದಲ್ಲಿ ಸೋತು ಊರಲ್ಲೇ ಉಳಿಯಿತು. ಚಟ್ನಿ ವಿಮಾನ ಹತ್ತಿತು.

ಜರ್ಮನಿಯೇ ಯಾಕೆ ಎಂದರೆ, ನಮ್ಮದು ಬಾಸೆಲ್ ಮಿಷನ್ ಮೂಲದ ಸಭೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಹೆಬಿಕ್, ಲೆಹ್ನರ್, ಗ್ರೈನರ್ ಮೊದಲ್ಗೊಂಡು, 'ಮಂಗಳೂರ ಸಮಾಚಾರ' ಹೊರಡಿಸಿದ ಮೋಗ್ಲಿಂಗ್, ನಿಘಂಟಿನ ಕಿಟೆಲ್‌ವರೆಗೆ ಎಲ್ಲರೂ ಆ ಕಡೆಯಿಂದ ಬಂದವರು. ಅವರು ಹೆಂಚು ಮಾಡಲು ಕಲಿಸಿದರು, ಅಚ್ಚುಕೂಟ ಹಾಕಿದರು, ತಮ್ಮ ಹಾಡುಗಳನ್ನು ಕನ್ನಡಕ್ಕೆ ಇಳಿಸಿ ನಮ್ಮ ಬಾಯಿಗೆ ಕೊಟ್ಟರು. ನಾವು ತಲೆಮಾರುಗಳಿಂದ ಅವನ್ನು ಹಾಡಿ ಹಾಡಿ, ಅವು ಬಲ್ಮಠದ ಗುಡ್ಡದಲ್ಲೇ ಹುಟ್ಟಿದವು ಎಂದು ನಂಬಿಬಿಟ್ಟಿದ್ದೇವೆ. ಆದ್ದರಿಂದ ಕಾರ್ಯಕ್ರಮಕ್ಕೆ ನಮ್ಮ ಸಂಗೀತ ಪುಸ್ತಕದಿಂದ ಘನವಾದವುಗಳನ್ನೇ ಆರಿಸಿ, ನಾಲ್ಕು ಸ್ವರಗಳಲ್ಲಿ ತಿಂಗಳುಗಟ್ಟಲೆ ತಿದ್ದಿ ತೀಡಿದೆವು.

ಕಿಟೆಲ್ 1903ರಲ್ಲಿ ತೀರಿಕೊಂಡ ಟ್ಯೂಬಿಂಗನ್ ಊರಿನ ಆಸುಪಾಸಿನ ಹಳೆಯ ಕಲ್ಲಿನ ಚರ್ಚೊಂದರಲ್ಲಿ ನಮ್ಮ ಮೊದಲ ಕಛೇರಿ. ನಮ್ಮ ಚರ್ಚಿನಲ್ಲಿ ಫ್ಯಾನಿನ ಸದ್ದು ತಪ್ಪುಗಳನ್ನೆಲ್ಲ ನುಂಗಿಕೊಳ್ಳುತ್ತದೆ. ಅಲ್ಲಿ ಗೋಡೆಗಳು ಅವನ್ನು ಜೋಪಾನವಾಗಿ ಹಿಡಿದು ಮತ್ತೊಮ್ಮೆ ಕೇಳಿಸುತ್ತವೆ. ಬಾಯಿ ಮುಚ್ಚಿದ ಮೇಲೂ ನಮ್ಮ 'ಆಮೆನ್' ಛಾವಣಿಯ ಕೆಳಗೆ ಅಲೆಯುತ್ತಿತ್ತು. ವಾದ್ಯವಿಲ್ಲದೆ ಮೂರು ಚರಣ ಮುಗಿಸುವಷ್ಟರಲ್ಲಿ ಶ್ರುತಿ ಅರ್ಧ ಸ್ವರ ಇಳಿದಿತ್ತು. ನಾಲ್ಕನೆಯದಕ್ಕೆ ಆರ್ಗನ್ ಸೇರಬೇಕು. ನುಡಿಸುವಾತ ಪುಣ್ಯಾತ್ಮ; ತಾನೂ ಅರ್ಧ ಸ್ವರ ಇಳಿದು ಬಂದು ನಮ್ಮ ಮಾನ ಕಾಪಾಡಿದ.

ಲೂಥರ್ ಕಟ್ಟಿದ ರಾಗ ಬಂತು, ಕ್ರ್ಯೂಗರ್ 1647ರಲ್ಲಿ ಪ್ರಕಟಿಸಿದ ರಾಗ ಬಂತು. ಎದುರಿನ ಬೆಂಚುಗಳಲ್ಲಿದ್ದ ಅಜ್ಜಿಯಂದಿರು ಪುಸ್ತಕ ತೆರೆಯದೆಯೇ ಜತೆಗೆ ಗುನುಗಿದರು. ನಮ್ಮ ಹಾಡು ಅವರಿಗೆ ಹೇಗೆ ಗೊತ್ತು ಎಂದು ನಮ್ಮ ಸೊಪ್ರಾನೊ ಹುಡುಗಿಯೊಬ್ಬಳು ಬೆರಗಾದಳು. ಕೊನೆಗೆ ಅಲ್ಲಿಯ ಪಾದ್ರಿಯವರು ಬಹಳ ಸಂಕೋಚದಿಂದ, "ತುಂಬ ಚೆನ್ನಾಗಿತ್ತು. ಇನ್ನು ನಿಮ್ಮದೇ ಯಾವುದಾದರೂ ಹಾಡುತ್ತೀರಾ?" ಎಂದರು.

ಮಕ್ಕಳು ದಾರಿಯಲ್ಲಿ ಹಾಡಲೆಂದು ಇಟ್ಟುಕೊಂಡಿದ್ದ ತುಳು ಹಾಡೊಂದಿತ್ತು. ತಬಲಾದ ಬದಲು ಕುರ್ಚಿಯ ಬೆನ್ನು ಬಡಿದು ಶುರು ಮಾಡಿದೆವು. ಅಷ್ಟು ಹೊತ್ತು ಕೈಕಟ್ಟಿ ಕೂತಿದ್ದ ಜನ ಚಪ್ಪಾಳೆ ತಟ್ಟಿಕೊಂಡು ಎದ್ದುನಿಂತರು. ತಾಳ ಎಲ್ಲಿ ಬೀಳಬಾರದೋ ಸರಿಯಾಗಿ ಅಲ್ಲೇ ಬೀಳುತ್ತಿತ್ತು. ಆದರೂ ಅದನ್ನು ಮೂರು ಸಲ ಹಾಡಿಸಿದರು. ತಿಂಗಳುಗಟ್ಟಲೆ ನಮ್ಮನ್ನು ಬೈದು ತಯಾರು ಮಾಡಿದ ಕ್ವಾಯರ್ ಮಾಸ್ಟರರ ಮುಖವನ್ನು ಆಗ ಯಾರೂ ನೋಡಲಿಲ್ಲ. ನೋಡುವ ಧೈರ್ಯವೂ ಇರಲಿಲ್ಲ.

ವಾಸ ಸಭೆಯವರ ಮನೆಗಳಲ್ಲಿ. ಆ ಸೀಮೆಯ ಶ್ವಾಬಿಯನ್ ಜನರ ಶಿಸ್ತು ದೊಡ್ಡದು. ಬಾಡಿಗೆ ಕಟ್ಟಡಗಳಲ್ಲಿ ಮೆಟ್ಟಿಲು ಗುಡಿಸಿ ಒರೆಸುವುದು ವಾರಕ್ಕೊಂದು ಮನೆಯ ಪಾಳಿ. ಪಾಳಿ ಬಂದವರ ಬಾಗಿಲಿಗೆ ಒಂದು ಹಲಗೆ ತೂಗುಹಾಕುತ್ತಾರೆ. ನಾವು ಇಳಿದ ಮನೆಗೆ ಆ ವಾರವೇ ಹಲಗೆ ಬಂದಿತ್ತು. ಮನೆಯಾಕೆಗೆ ಎಪ್ಪತ್ತು ದಾಟಿದೆ. ನೋಡುತ್ತ ಕೂರಲಾರದೆ ನಮ್ಮ ಆಲ್ಟೊ ಆಂಟಿಯರು ಬಕೆಟ್ ಕಸಿದುಕೊಂಡು, ಊರಿನ ಅಂಗಳಕ್ಕೆ ಎರಚುವಂತೆ ನೀರು ಎರಚಿದರು. ಮೂರು ಮಹಡಿ ತೋಯ್ದು ಹೋಯಿತು. ಆಕೆ ಏನೂ ಅನ್ನಲಿಲ್ಲ. ಚಿಂದಿ ಹಿಡಿದು ಮೇಲಿನಿಂದ ಕೆಳಗಿನವರೆಗೆ ಒಂದೊಂದೇ ಮೆಟ್ಟಿಲು ಒರೆಸಿ ತೋರಿಸಿದರು. ರಾತ್ರಿ ತಣ್ಣನೆ ಬ್ರೆಡ್ಡು, ಚೀಸು. ಡಬ್ಬಿಯ ಮುಚ್ಚಳ ತೆಗೆದದ್ದು ನಾವು, ಕಿಟಕಿ ತೆಗೆದದ್ದು ಅವರು. ಮೂರನೆಯ ರಾತ್ರಿ ಬ್ರೆಡ್ಡಿನ ಮೇಲೆ ಬೆಣ್ಣೆ, ಬೆಣ್ಣೆಯ ಮೇಲೆ ಒಣಸಿಗಡಿ ಚಟ್ನಿ ಸವರಿಕೊಂಡು ಆಕೆಯೂ ತಿಂದರು.

ಟೆನರ್‌ಗಳ ಕೊರತೆ ಅಲ್ಲೂ ನಮ್ಮನ್ನು ಬಿಡಲಿಲ್ಲ. ನಮ್ಮ ಇಬ್ಬರಲ್ಲಿ ಒಬ್ಬನಿಗೆ ಶೀತವಾಗಿ ಸ್ವರ ಕೂತಾಗ ಅಲ್ಲಿನ ನಿವೃತ್ತ ಮೇಷ್ಟ್ರೊಬ್ಬರು ಸಾಲಾಗಿ ದೊರೆತರು. ಕನ್ನಡ ಸಾಹಿತ್ಯವನ್ನು ತಮ್ಮ ಲಿಪಿಯಲ್ಲಿ ಬರೆದುಕೊಂಡು, ಪ್ರತಿ ಅಕ್ಷರ ಕೇಳಿ ತಿದ್ದಿಕೊಂಡು ನಿಂತರು. ಒಳ್ಳೆಯ ಉಚ್ಚಾರ. ನಮ್ಮ ಹುಡುಗರು ನೋಡಿ ಕಲಿಯಬೇಕು.

ಬಾಸೆಲ್‌ನಲ್ಲಿ ಮಿಷನ್ನಿನ ಹಳೆಯ ಫೋಟೊಗಳನ್ನು ತೋರಿಸಿದರು. ಹೆಂಚಿನ ಕಾರ್ಖಾನೆಯ ಕೆಲಸಗಾರರ ಗುಂಪೊಂದರಲ್ಲಿ ಆಲ್ಟೊ ಆಂಟಿಯೊಬ್ಬರು ತಮ್ಮ ಮುತ್ತಜ್ಜನನ್ನು ಮೂಗಿನಿಂದಲೇ ಗುರುತು ಹಿಡಿದರು. ಅಲ್ಲಿದ್ದವರು ದಾಖಲೆ ಕೇಳಿದಾಗ ಆಂಟಿ ತಮ್ಮ ಮೂಗನ್ನೇ ತೋರಿಸಿದರು. ವಿಚಾರ ಅಲ್ಲಿಗೆ ಮುಗಿಯಿತು.

ಈಗ ಆ ಶ್ವಾಬಿಯನ್ ಸಭೆಯ ಕ್ವಾಯರ್ ಮಂಗಳೂರಿಗೆ ಬರುತ್ತದೆ, ಅದೂ ಮೇ ತಿಂಗಳಲ್ಲಿ. ಡಿಸೆಂಬರಿಗೆ ಬನ್ನಿ ಎಂದು ಬರೆದರೆ, ರಜೆ ಆಗಲೇ ಮಂಜೂರಾಗಿದೆ ಎಂಬ ಉತ್ತರ. ಮನೆಯಲ್ಲಿ ಎಸಿ ಕೋಣೆ ಇರುವವರು ದಯವಿಟ್ಟು ಕಾರ್ಯದರ್ಶಿಯವರಲ್ಲಿ ಹೆಸರು ಕೊಡಿ. ಮೆಟ್ಟಿಲು ಅವರೇ ಒರೆಸುತ್ತಾರೆ.