ಗೀಸರ್ ನಾದಮೀಮಾಂಸೆ

ಉಪೋದ್ಘಾತ

ಮೃದಂಗ, ತಬಲಾಗಳ ನಾದ ಏಕೆ ಅಷ್ಟು ಇಂಪು ಎಂಬುದನ್ನು ಸಿ. ವಿ. ರಾಮನ್ 1920ರಲ್ಲೇ ಲೋಕಕ್ಕೆ ತಿಳಿಸಿಕೊಟ್ಟರು. ಬಚ್ಚಲುಮನೆಯ ಫಾಲ್ಸ್ ಸೀಲಿಂಗಿನೊಳಗೆ ಅವಿತು ಕೂತು ಅಪರಾತ್ರಿಯಲ್ಲಿ ಗುಡುಗುವ ಗೀಸರಿನ ನಾದವನ್ನು ಮಾತ್ರ ನಮ್ಮಂಥವರ ಪಾಲಿಗೆ ಬಿಟ್ಟರು. ಆ ಕೊರತೆ ನೀಗಲೆಂದು ಈ ಕಿರುಗ್ರಂಥ. ಇದನ್ನು ಓದಲು ಅಧಿಕಾರಿ ಯಾರು? ಕತಾರ್ ದೇಶದ ನಜ್ಮಾ, ಮನ್ಸೂರಾ, ವಕ್ರಾ ಮೊದಲಾದ ಕ್ಷೇತ್ರಗಳಲ್ಲಿ ಬಾಡಿಗೆಗಿದ್ದು, ಗೀಸರ್ ಮಾಲೀಕನದು, ಸ್ನಾನವಷ್ಟೇ ತನ್ನದು ಎಂಬ ವಿವೇಕ ಹುಟ್ಟಿದ ಕನ್ನಡಿಗ. ಪ್ರಯೋಜನವೇನು? ಬಿಸಿನೀರು. ಮೋಕ್ಷದ ಬಗ್ಗೆ ಗ್ರಂಥಕಾರ ಭರವಸೆ ಕೊಡುವುದಿಲ್ಲ.

ಕಾಲನಿರ್ಣಯ

ಕತಾರಿನಲ್ಲಿ ಮೇ ತಿಂಗಳಿಂದ ಸೆಪ್ಟೆಂಬರ್ ದಾಟುವವರೆಗೆ ತಾರಸಿಯ ಟ್ಯಾಂಕಿನ ನೀರು ಬಿಸಿಲಿಗೇ ಕಾಯುತ್ತದೆ. ನೀಲಿ ಗುರುತಿನ ನಲ್ಲಿ ತಿರುಗಿಸಿದವನ ಕೈ ಚುರ್ ಎನ್ನುತ್ತದೆ. ಬಲ್ಲವರು ಗೀಸರಿನ ಸ್ವಿಚ್ ಆರಿಸಿ, ಕೆಂಪು ಗುರುತಿನ ನಲ್ಲಿಯ ನೀರಿನಲ್ಲಿ ಮೀಯುತ್ತಾರೆ, ಎ.ಸಿ. ಮನೆಯೊಳಗಿನ ಗೀಸರ್ ತೊಟ್ಟಿಯಲ್ಲಿ ನಿಂತು ಆರಿದ ನೀರೇ ಆಗ ಇರುವ ತಣ್ಣೀರು. ನೀರು ಕಾಯಿಸಲೆಂದು ಹುಟ್ಟಿದ ಯಂತ್ರ ನೀರು ತಣಿಸಿಕೊಂಡು ಚಾತುರ್ಮಾಸ್ಯ ಆಚರಿಸುತ್ತದೆ, ಅದೂ ಮೌನವ್ರತದ ಸಮೇತ. ಉತ್ಥಾನ ದ್ವಾದಶಿಯ ಆಸುಪಾಸಿನಲ್ಲಿ, ಮೈ ಜುಮ್ಮೆನ್ನುವ ಮೊದಲ ಬೆಳಗಿಗೆ, ಮನೆಯ ಯಾರೋ ಸ್ವಿಚ್ ಒತ್ತುತ್ತಾರೆ. ವ್ರತ ಮುರಿಯುತ್ತದೆ. ಶಾಸ್ತ್ರ ಅಲ್ಲಿಂದ ಶುರು.

ಪೂರ್ವಪಕ್ಷ

ದೋಹಾದ ಕನ್ನಡಿಗರಿಗೆ ಕರ್ನಾಟಕ ಸಂಘವುಂಟು, ತುಳುಕೂಟವುಂಟು. ಗೀಸರ್ ವಿಚಾರಕ್ಕೆ ವೇದಿಕೆಯಿಲ್ಲ. ಹೀಗಾಗಿ ಗೋಷ್ಠಿ ಸೇರುವುದು ಶುಕ್ರವಾರ ಬೆಳಗಿನ ಅವಲಕ್ಕಿಯ ಮುಂದೆ. ಅಲ್ಲಿ ಮೂರು ಮತಗಳು.

ಕರಾವಳಿ ಮತದ ಪ್ರಕಾರ, ತೆಂಗಿನ ಮಡಲು, ಗೆರಟೆ ಉರಿಸಿ ಕಾಯಿಸಿದ ಹಂಡೆ ಎಂದೂ ಬಾಯಿ ಬಿಟ್ಟದ್ದಿಲ್ಲ. ಆದ್ದರಿಂದ ದೋಷ ಕರೆಂಟಿನದು. ಬೋರ್‌ವೆಲ್ ನೀರಲ್ಲಿ ಮಿಂದು ಬೆಳೆದ ಬೆಂಗಳೂರು ಮತಕ್ಕೆ ಜಗತ್ತಿನ ಸಕಲ ಕೇಡಿಗೂ ಸುಣ್ಣವೇ ಮೂಲ. ಧಾರವಾಡ ಮತ ಮಾತ್ರ ವೇದಾಂತದ ಎತ್ತರದಿಂದ ನುಡಿಯುತ್ತದೆ: "ಸಪ್ಪಳ ಮಾಡಾಕತ್ತೇತಿ ಅಂದ್ರ ಇನ್ನೂ ಜೀವಾ ಐತಿ ಅಂತ ತಿಳಕೋರಿ. ಅವಲಕ್ಕಿ ಹಾಕ್ರಿ ಇನ್ನಷ್ಟು."

ಬೆಂಗಳೂರು ಮತಕ್ಕೆ ಕರಾವಳಿಯ ಆಕ್ಷೇಪ ಬಲವಾದದ್ದು. ಕತಾರಿನಲ್ಲಿ ಒಂದು ನದಿಯೂ ಇಲ್ಲ. ಕಹ್ರಮಾ ಸಂಸ್ಥೆ ಮನೆಗೆ ಕೊಡುವುದು ರಾಸ್ ಅಬು ಫಂತಾಸ್, ರಾಸ್ ಲಫಾನ್ ಮುಂತಾದೆಡೆ ಉಪ್ಪು ಕಳೆದ ಸಮುದ್ರದ ನೀರು. ಅದರಲ್ಲಿ ಸುಣ್ಣ ಎಲ್ಲಿಂದ ಬಂತು?

ಸಿದ್ಧಾಂತ: ಲವಣವೆಲ್ಲ ಕಳೆದುಕೊಂಡ ನೀರು ಸಿಕ್ಕ ಕೊಳವೆಯನ್ನೇ ತಿನ್ನತೊಡಗುತ್ತದೆ. ಆದ್ದರಿಂದ ಊರಿಗೆ ಬಿಡುವ ಮುನ್ನ ಸುಣ್ಣದ ಅಂಶವನ್ನು ಮತ್ತೆ ಬೆರೆಸುತ್ತಾರೆ. ಬೋರ್‌ವೆಲ್ಲಿನಷ್ಟಲ್ಲ; ಆದರೆ ವರ್ಷಗಟ್ಟಲೆ ಯಾರೂ ಇಣುಕದ ತೊಟ್ಟಿಗೆ ಧಾರಾಳ ಸಾಕು. ಬೆಂಗಳೂರು ಗೆದ್ದಿತು. ಅಷ್ಟರಲ್ಲಿ ಅವಲಕ್ಕಿಯನ್ನು ಧಾರವಾಡ ಗೆದ್ದಾಗಿತ್ತು.

ನಾದಭೇದ ಪ್ರಕರಣ

ಸೂತ್ರ 1: ಗುಡುಗುಡು ಎಂದರೆ ಸುಣ್ಣ.
ಭಾಷ್ಯ: ನೀರು ಕಾದಾಗ ಕರಗಿದ್ದ ಸುಣ್ಣ ಕಾಯಿಲ್ ಮೇಲೆ ಪದರಗಟ್ಟುತ್ತದೆ. ಪದರದ ಅಡಿಯಲ್ಲಿ ಸಿಕ್ಕಿಬಿದ್ದ ನೀರು ಕುದಿದು ಗುಳ್ಳೆಯಾಗುತ್ತದೆ. ಗುಳ್ಳೆ ಮೇಲಿನ ತಣ್ಣನೆಯ ನೀರಿಗೆ ಬಂದು ಕುಸಿಯುತ್ತದೆ. ಆ ಕುಸಿತವೇ ಗುಡುಗು. ಇದು ಹಗುರ ವಿಷಯವಲ್ಲ. ಕೆಟಲ್ ನೀರು ಕುದಿಯುವ ಮುನ್ನ ಮಾಡುವ ಸದ್ದಿನ ಬಗ್ಗೆ ಓಸ್ಬೋರ್ನ್ ರೆನಾಲ್ಡ್ಸ್ ಬರೆದದ್ದನ್ನು ಓದಿದ ಲಾರ್ಡ್ ರೇಲಿ, 1917ರಲ್ಲಿ ಗುಳ್ಳೆಯ ಕುಸಿತಕ್ಕೆ ಗಣಿತವನ್ನೇ ರಚಿಸಿದರು. ಅವರ ಮನೆಯಲ್ಲಿ ಸ್ನಾನಕ್ಕೆ ಯಾರೂ ಅವಸರ ಮಾಡುತ್ತಿರಲಿಲ್ಲವೆಂದು ಊಹಿಸಬಹುದು.

ಸೂತ್ರ 2: ಟಿಕ್ ಎಂದರೆ ಥರ್ಮೋಸ್ಟಾಟ್, ಚಟಚಟ ಎಂದರೆ ಕಾದು ಹಿಗ್ಗುವ ಲೋಹ.
ಭಾಷ್ಯ: ಎರಡೂ ನಿರಪಾಯ. ಮಲಗಿ.

ಸೂತ್ರ 3: ಢಣ್ ಎಂದರೆ ಗೀಸರ್ ನಿರಪರಾಧಿ.
ಭಾಷ್ಯ: ಓಡುವ ನೀರನ್ನು ವಾಷಿಂಗ್ ಮಷಿನ್ ಫಕ್ಕನೆ ತಡೆದಾಗ ಕೊಳವೆ ಹೊಡೆದುಕೊಳ್ಳುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ನಿಕೊಲಾಯ್ ಝುಕೋವ್‌ಸ್ಕಿ ಮಾಸ್ಕೋದ ನೀರಿನ ಕೊಳವೆಗಳಲ್ಲಿ ಇದರ ಲೆಕ್ಕ ಹಾಕಿದರು: ಸೆಕೆಂಡಿಗೆ ಒಂದು ಮೀಟರ್ ವೇಗದ ನೀರು ಥಟ್ಟನೆ ನಿಂತರೆ ಲೋಹದ ಕೊಳವೆಯಲ್ಲಿ 10 ಬಾರ್ ಮೀರಿ ಒತ್ತಡ ಏರುತ್ತದೆ. ಪರಿಹಾರ: ನಲ್ಲಿಯನ್ನು ನಿಧಾನ ತಿರುಗಿಸಿ, ಸಡಿಲ ಕೊಳವೆಗೆ ಕ್ಲಾಂಪ್ ಹಾಕಿಸಿ.

ಸೂತ್ರ 4: ತೊಟ್ ತೊಟ್ ಎಂದರೆ ಸ್ವಧರ್ಮ.
ಭಾಷ್ಯ: 50 ಲೀಟರ್ ನೀರು 20 ಡಿಗ್ರಿಯಿಂದ 60 ಡಿಗ್ರಿಗೆ ಏರಿದರೆ ಸುಮಾರು ಮುಕ್ಕಾಲು ಲೀಟರಿನಷ್ಟು ಹಿಗ್ಗುತ್ತದೆ. ಹಿಂದಕ್ಕೆ ಹೋಗಲು ದಾರಿಯಿಲ್ಲದಾಗ ಅದು ಸೇಫ್ಟಿ ವಾಲ್ವ್‌ನಿಂದ ತೊಟ್ಟಿಕ್ಕುತ್ತದೆ. ಕಾಯುವಾಗ ಮಾತ್ರ ತೊಟ್ಟಿಕ್ಕುವ ವಾಲ್ವ್ ಕೆಲಸ ಮಾಡುತ್ತಿದೆ. ಸದಾ ಸುರಿಯುವುದು ಕೆಟ್ಟಿದೆ.

ಸೂತ್ರ 5: ಬುಸ್ ಎಂದು ಆವಿ ಬಂದರೆ ಶಾಸ್ತ್ರ ಸಾಕು, ಎಂ.ಸಿ.ಬಿ. ಇಳಿಸು.
ಭಾಷ್ಯ: ಥರ್ಮೋಸ್ಟಾಟ್ ಕೆಟ್ಟು ನೀರು ಮಿತಿಮೀರಿ ಕಾದಿದೆ. ಒಂದು ಲೀಟರ್ ನೀರು ಆವಿಯಾದರೆ 1,600 ಲೀಟರಿಗೂ ಹೆಚ್ಚು ಜಾಗ ಕೇಳುತ್ತದೆ. ಆ ಜಾಗ ನಿಮ್ಮ ಬಚ್ಚಲಲ್ಲಿಲ್ಲ.

ಪ್ರಾಯಶ್ಚಿತ್ತ ಪ್ರಕರಣ

ಕಟ್ಟಡದ ನಾತೂರನನ್ನು, ಅಂದರೆ ಕಾವಲುಗಾರನನ್ನು, ಕರೆದರೆ ಬರುತ್ತಾನೆ. ಸ್ಕ್ರೂಡ್ರೈವರಿನಿಂದ ತೊಟ್ಟಿಯನ್ನು ಎರಡು ಬಾರಿ ತಟ್ಟಿ "ಮಾಫಿ ಮುಷ್ಕಿಲ್", ತೊಂದರೆಯೇನಿಲ್ಲ, ಎನ್ನುತ್ತಾನೆ. ಇದನ್ನು ಶಾಂತಿಪಾಠವೆಂದು ಸ್ವೀಕರಿಸಬೇಕು, ಚಿಕಿತ್ಸೆಯೆಂದಲ್ಲ. ಆತ ತೊಟ್ಟಿಕ್ಕುವ ವಾಲ್ವ್‌ಗೆ ಬೂಚು ಜಡಿಯಲು ಹೊರಟರೆ ಏಣಿಯ ಕಾಲು ಹಿಡಿದಾದರೂ ತಡೆಯಬೇಕು. ಪಂಚಮಹಾಪಾತಕಗಳ ಪಟ್ಟಿ ಸಿದ್ಧವಾದಾಗ ಗೀಸರ್ ಇರಲಿಲ್ಲ. ಇದ್ದಿದ್ದರೆ ಇದು ಆರನೆಯದಾಗುತ್ತಿತ್ತು.

ನಿಜವಾದ ವಿಧಿಯನ್ನು ನಮ್ಮ ಹಿರಿಯರೇ ಹಾಕಿಕೊಟ್ಟಿದ್ದಾರೆ. ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕುವುದು, ಕೆಮ್ಮಣ್ಣು ಸುಣ್ಣ ಬಳಿದು, ಹಿಂಡಲಕಾಯಿ ಬಳ್ಳಿ ಸುತ್ತಿ ಪೂಜಿಸುವುದು. ಹುಳಿಗೆ ಸುಣ್ಣ ಕರಗುತ್ತದೆಂದು ಅಜ್ಜಿಗೆ ಯಾವ ರೇಲಿಯೂ ಹೇಳಿಕೊಟ್ಟಿರಲಿಲ್ಲ. ಅವರು ಹಂಡೆಯ ಹೊರಗೆ ಸುಣ್ಣದ ಗೆರೆ ಎಳೆದರು; ನಾವು ಒಳಗೆ ಕಟ್ಟಲು ಬಿಟ್ಟೆವು. ಸದ್ದಿನ ಇತಿಹಾಸವೆಲ್ಲ ಇಷ್ಟೇ.

ಆದ್ದರಿಂದ ಮೌನವ್ರತ ಮುಗಿಯುವ ಮುನ್ನವೇ ಬಲ್ಲ ಎಲೆಕ್ಟ್ರಿಷಿಯನ್ನನಿಂದ ತೊಟ್ಟಿ ಬರಿದು ಮಾಡಿಸಿ, ಕಾಯಿಲ್ ತೆಗೆಸಿ ಸುಣ್ಣ ಬಿಡಿಸಬೇಕು. ತಾನು ಸವೆದು ತೊಟ್ಟಿಯನ್ನು ತುಕ್ಕಿನಿಂದ ಕಾಯುವ ಮ್ಯಾಗ್ನೀಸಿಯಂ ಸರಳು ಉಳಿದಿದೆಯೇ ನೋಡಿಸಬೇಕು. ಥರ್ಮೋಸ್ಟಾಟ್ 60 ಡಿಗ್ರಿಗೆ ನಿಲ್ಲಲಿ: ಹೆಚ್ಚಿದಷ್ಟೂ ಸುಣ್ಣ ಬೇಗ ಕಟ್ಟುತ್ತದೆ, ತೀರ ಇಳಿಸಿದರೆ ರೋಗಾಣುಗಳಿಗೆ ಹಿತ. 240 ವೋಲ್ಟ್ ಕರೆಂಟಿಗೂ ತಲೆಯ ಮೇಲಿನ 50 ಲೀಟರ್ ನೀರಿಗೂ ಕೈ ಹಾಕಲು ಈ ಗ್ರಂಥದ ಪಾಂಡಿತ್ಯ ಸಾಲದು.

ಫಲಶ್ರುತಿ

ಇದನ್ನು ಓದಿದವರಿಗೆ ನಿದ್ದೆ, ಓದಿ ಆಚರಿಸಿದವರಿಗೆ ಬಿಸಿನೀರು. ಓದದವರೂ ಒಂದು ಮಾತು ನೆನಪಿಟ್ಟರೆ ಸಾಕು: ಗೀಸರ್ ಎಷ್ಟಾದರೂ ಮಾತಾಡಲಿ, ವಾಲ್ವ್‌ನ ಬಾಯಿ ಮಾತ್ರ ಮುಚ್ಚಬೇಡಿ.