ಅಘನಾಶಿನೀ ತೀರದ ಪಾನ–ದಹನ ಮೀಮಾಂಸೆ

ಹತ್ತು ಜನ ಒಂದೆಡೆ ಸೇರಿ, ಕುಡಿಯುವುದನ್ನು ತಾವೇ ತಯಾರಿಸಿಕೊಂಡು, ತಿನ್ನುವುದನ್ನು ಕೆಂಡದಲ್ಲಿ ಸುಟ್ಟುಕೊಂಡು, ಒಂದು ಹಗಲು ಒಂದು ರಾತ್ರಿ ಕಳೆಯುವ ಪದ್ಧತಿಗೆ ಪಾಶ್ಚಾತ್ಯರಲ್ಲಿ ಹೋಮ್‌ಬ್ರೂ ಎಂದೂ ಬಾರ್ಬೆಕ್ಯೂ ಎಂದೂ ಎರಡು ಪ್ರತ್ಯೇಕ ಶಾಖೆಗಳಿವೆ. ಕುಮಟಾ–ಹೊನ್ನಾವರ ಸೀಮೆಯಲ್ಲಿ ಎರಡೂ ಒಂದೇ ಚಪ್ಪರದ ಕೆಳಗೆ ನಡೆಯುತ್ತವೆ. ಕಬ್ಬು ಅರೆದು ಬೆಲ್ಲ ಕಾಯಿಸುವ ಆ ಚಪ್ಪರಕ್ಕೆ ಆಲೆಮನೆ ಎಂದು ಹೆಸರು. ಈ ವಿಷಯದಲ್ಲಿ ಇದುವರೆಗೆ ಗಂಭೀರ ಪ್ರಬಂಧ ಬಾರದಿರಲು ಕಾರಣ ಸ್ಪಷ್ಟವಿದೆ. ಬರೆಯಬೇಕೆಂದು ಹೋದ ವಿದ್ವಾಂಸರೆಲ್ಲ ನಾಲ್ಕನೆಯ ಲೋಟದ ನಂತರ ಪೆನ್ನು ಎಲ್ಲಿಟ್ಟೆವೆಂಬುದನ್ನು ಮರೆತಿದ್ದಾರೆ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಸಾಹೇಬ ಹೊನ್ನಾವರ, ಮಿರ್ಜಾನ, ಗೋಕರ್ಣಗಳ ಮೇಲೆ ಹಾದುಹೋದ. ಬೆಳೆ, ಮಣ್ಣು, ಕಂದಾಯ ಎಲ್ಲವನ್ನೂ ವಿಚಾರಿಸಿ ಬರೆದುಕೊಂಡ. 1807ರಲ್ಲಿ ಆ ಪ್ರವಾಸದ ಗ್ರಂಥ ಮೂರು ಸಂಪುಟಗಳಲ್ಲಿ ಬಂತು. ಎಲ್ಲಾದರೂ ಕೊಪ್ಪರಿಗೆಯ ಪಕ್ಕ ನೆಮ್ಮದಿಯಾಗಿ ಕುಳಿತಿದ್ದರೆ ಒಂದೇ ಸಂಪುಟಕ್ಕೆ ಮುಗಿಯುತ್ತಿತ್ತೆಂಬುದು ನಮ್ಮ ಊಹೆ.

ಕ್ಷೇತ್ರ ಪರಿಚಯವನ್ನು ಪ್ರಬಂಧದ ನಿಯಮದಂತೆ ಕೊಡಲೇಬೇಕಾದ್ದರಿಂದ ಕೊಡುತ್ತೇವೆ. ಅಘನಾಶಿನಿ ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಎಲ್ಲಿಯೂ ಅಣೆಕಟ್ಟೆ ಹಾಕಿಸಿಕೊಳ್ಳದೆ, ತದಡಿ ಮತ್ತು ಅಘನಾಶಿನಿ ಊರುಗಳ ನಡುವೆ ಸಮುದ್ರ ಸೇರುತ್ತದೆ. ಅದರ ಅಳಿವೆಯ 4,801 ಹೆಕ್ಟೇರ್ ಪ್ರದೇಶಕ್ಕೆ 2024ರ ಜನವರಿಯಲ್ಲಿ ರಾಮ್ಸರ್ ಮಾನ್ಯತೆಯ ಸುದ್ದಿ ಬಂತು. ರಾಮ್ಸರ್ ಪಟ್ಟಿ ಮಾಡುವವರಿಗೆ ಹಕ್ಕಿ, ಕಾಂಡ್ಲಾ, ಜೌಗು ಮುಖ್ಯ. ಪ್ರಸ್ತುತ ಶಾಸ್ತ್ರಕ್ಕೆ ಮುಖ್ಯವಾದದ್ದು ಬಳಚು, ಬಂಗಡೆ ಮತ್ತು ಗಾಳಿಯ ದಿಕ್ಕು. ಅದು ಮುಂದೆ ಬರುತ್ತದೆ.

ಪೂರ್ವಪಕ್ಷ

ಬೆಂಗಳೂರಿನಿಂದ ರಜೆಗೆ ಬಂದ ಮಾಣಿಯೊಬ್ಬ ಈ ಪಕ್ಷದ ಪ್ರವರ್ತಕ. ಅವನ ವಾದ ಹೀಗೆ: ಮನೆಯಂಗಳದಲ್ಲೇ ಬಿಯರು ಮಾಡಬಹುದು; ಬಾರ್ಲಿ, ಹಾಪ್ಸ್, ಯೀಸ್ಟ್ ಎಲ್ಲ ಕೊರಿಯರ್‌ನಲ್ಲಿ ಬರುತ್ತವೆ; ಬರುವವರು ವಾಟ್ಸ್ಯಾಪ್ ಗ್ರೂಪಿನಲ್ಲಿ ಹೆಬ್ಬೆಟ್ಟು ಒತ್ತಿದರೆ ಸಾಕು. ಕವಳದ ಸಂಚಿ ಬಿಚ್ಚುತ್ತ ಕೂತಿದ್ದ ಅವನ ದೊಡ್ಡಪ್ಪ, ಅಂದರೆ ಗಾಣದ ಯಜಮಾನರು, ಒಂದೇ ಪ್ರಶ್ನೆ ಕೇಳಿದರು.

“ತಮಾ, ಅದು ಕುಡಿಯಲೆ ತಯಾರಾಪಲೆ ಎಷ್ಟು ದಿನ ಬೇಕು?”

“ಮೂರು ವಾರ, ದೊಡ್ಡಪ್ಪ.”

“ಅಲ್ಲೀವರೆಗೆ ಬಂದವ್ಕೆ ಆಸ್ರಿಗೆ ಎಂತ ಕೊಡದು?”

ಪೂರ್ವಪಕ್ಷ ಅಲ್ಲಿಗೆ ಖಂಡಿತವಾಯಿತು. ಆದರೂ ಶಾಸ್ತ್ರದಲ್ಲಿ ಎದುರಾಳಿಗೆ ಇನ್ನೊಂದು ಏಟು ಕೊಡುವ ಸಂಪ್ರದಾಯವಿದೆ. ಅದನ್ನು ಕಾನೂನು ಕೊಡುತ್ತದೆ. ಪರವಾನಗಿ ಇಲ್ಲದೆ ಮನೆಯಲ್ಲಿ ಮದ್ಯ ತಯಾರಿಸುವುದು ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಅಪರಾಧ. ಬಾರ್ಲಿಯಾದರೂ ಅಷ್ಟೇ, ಗೇರುಹಣ್ಣಾದರೂ ಅಷ್ಟೇ. ಈ ಕರಾವಳಿಯ ಗಂಟಲಿಗೆ ಕಾನೂನು ಹೊಸತಲ್ಲ. ಉತ್ತರ ಕನ್ನಡ ಮುಂಬಯಿ ಪ್ರಾಂತದಲ್ಲಿದ್ದಾಗ 1949ರ ಪಾನನಿಷೇಧ ಕಾಯ್ದೆ ಬಂತು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1967ರಲ್ಲಿ ಮೈಸೂರು ಸರಕಾರ ನಿಷೇಧ ಸಡಿಲಿಸಿತು. 2007ರ ಜುಲೈಯಿಂದ ಸಾರಾಯಿ ನಿಂತಿತು. ಶೇಂದಿಯ ವಿಚಾರ ಇನ್ನೂ ಸೂಕ್ಷ್ಮ: ರಾಜ್ಯದ ಉಳಿದ ಕಡೆ ಅದಕ್ಕೆ ತಡೆಯಿದೆ, ದಕ್ಷಿಣ ಕನ್ನಡ ಮತ್ತು ಉಡುಪಿಗೆ ವಿನಾಯಿತಿ ಇದೆ. ಆದ್ದರಿಂದ ಭಟ್ಕಳ ತಾಲೂಕಿನ ಗೊರ್ಟೆಯ ತೆಂಗಿನಮರ ಶೇಂದಿ ಇಳಿಸಿದರೆ ತಪ್ಪಿತಸ್ಥ. ಗಡಿಯಾಚೆ ಶಿರೂರಿನ ತೆಂಗಿನಮರ ಅದನ್ನೇ ಪರವಾನಗಿಯ ಮೇಲೆ ಇಳಿಸಿದರೆ ಗೌರವಸ್ಥ. ಎರಡಕ್ಕೂ ಬೀಸುವುದು ಒಂದೇ ಗಾಳಿ. ಮರಗಳಿಗೆ ಜಿಲ್ಲೆಯ ಗಡಿಯನ್ನು ಯಾರಾದರೂ ತಿಳಿಸಿ ಹೇಳಿದ್ದಾರೆಯೇ ಎಂಬುದು ಪ್ರತ್ಯೇಕ ಸಂಶೋಧನೆಗೆ ಯೋಗ್ಯ ವಿಷಯ.

ಹಾಗಾಗಿ ಹುಳಿಬರುವ ಮುನ್ನವೇ ಕುಡಿದು ಮುಗಿಸುವ ಪಾನವೊಂದೇ, ಅಂದರೆ ಆಲೆಮನೆಯ ಕಬ್ಬಿನಹಾಲೊಂದೇ, ನಿರಾಕ್ಷೇಪ. ಕಬ್ಬಿನಹಾಲಿಗೆ ಭಂಗಿಸೊಪ್ಪು ಸೇರಿಸುವ ಮೂರನೆಯ ಪಂಥವೂ ಘಟ್ಟದ ಕಡೆ ಇದೆಯೆಂದು ಕೇಳಿಬಲ್ಲೆವು. ಅದು ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ. ನಮ್ಮ ಮನೆಯವರೂ ಇದನ್ನು ಓದುತ್ತಾರೆ.

ಔದಾರ್ಯದ ರಸಾಯನಶಾಸ್ತ್ರ

ಇಲ್ಲಿಂದ ಸಿದ್ಧಾಂತ. ಆಲೆಮನೆಗೆ ಯಾರು ಹೋದರೂ ಕಬ್ಬಿನಹಾಲು ಪುಕ್ಕಟೆ. ದಾರಿಹೋಕ, ಶಾಲೆ ಮಕ್ಕಳು, ವರ್ಷವಿಡೀ ಮಾತು ಬಿಟ್ಟ ದಾಯಾದಿ, ಎಲ್ಲರಿಗೂ ಚೊಂಬು ತುಂಬುತ್ತದೆ. ಹೋಗುವಾಗ ಮನೆಗೆಂದು ಕೊಡಪಾನವೂ ತುಂಬುತ್ತದೆ. ಇದನ್ನು ಇದುವರೆಗಿನ ಲೇಖಕರು ಹಳ್ಳಿಗರ ಹೃದಯವೈಶಾಲ್ಯವೆಂದು ಹೊಗಳಿ ಕೈತೊಳೆದುಕೊಂಡಿದ್ದಾರೆ. ನಾವು ಒಪ್ಪುವುದಿಲ್ಲ. ಕಬ್ಬಿನಹಾಲಿನಲ್ಲಿ ನೂರಕ್ಕೆ ಹದಿನೆಂಟು–ಇಪ್ಪತ್ತರಷ್ಟು ಸಕ್ಕರೆಯ ಅಂಶ. ಕಬ್ಬಿನ ಸಿಪ್ಪೆಯ ಮೇಲೆಯೇ ಯೀಸ್ಟು ಕೂತು ಕಾದಿರುತ್ತದೆ. ಕರಾವಳಿಯ ಸೆಕೆಗೆ ಕೆಲವೇ ತಾಸಿನಲ್ಲಿ ಹುಳಿ ತಿರುಗುತ್ತದೆ. ಮುಚ್ಚಿಟ್ಟವನಿಗೆ ಸಂಜೆಗೆ ಸಿಗುವುದು ನೊರೆ, ವಾಸನೆ ಮತ್ತು ಮೇಲೆ ಹೇಳಿದ ಕಾಯ್ದೆಯ ಭಯ. ಕೊಡದೆ ಗತಿಯಿಲ್ಲ.

ಅದೇ ಹಾಲು ಕೊಪ್ಪರಿಗೆಗೆ ಬಿದ್ದು ಕುದಿಯಲಿ, ಯಜಮಾನರ ಮುಖ ಬದಲಾಗುತ್ತದೆ. ಚಿಟಿಕೆ ಸುಣ್ಣ ಬೀಳುತ್ತದೆ, ಮಡ್ಡಿ ಮೇಲೇಳುತ್ತದೆ, ಜಾಲರಿ ಸೌಟಿನಲ್ಲಿ ಅದನ್ನು ತೆಗೆದು ಚೆಲ್ಲುತ್ತಾರೆ. ಮೂರು ತಾಸು ದಾಟಿದ ಮೇಲೆ ಪಾಕ ನೋಡುವವರು ಬರುತ್ತಾರೆ. ಇವರು ಮಾತಾಡುವುದಿಲ್ಲ. ಸೌಟನ್ನು ಅದ್ದಿ ಎತ್ತಿ, ತೊಟ್ಟಿಕ್ಕುವುದನ್ನು ದೀಪದ ಬೆಳಕಿಗೆ ಹಿಡಿದು ನೋಡಿ, ಒಂದು ಹನಿಯನ್ನು ಹೆಬ್ಬೆಟ್ಟು–ತೋರುಬೆರಳ ನಡುವೆ ಒತ್ತಿ ಬಿಡಿಸುತ್ತಾರೆ. ಎಳೆ ಬಂದು ತುಂಡಾದರೆ “ಇನ್ನೂ” ಎನ್ನುತ್ತಾರೆ. ತುಂಡಾಗದಿದ್ದರೆ “ಇಳಿಸಿ” ಎನ್ನುತ್ತಾರೆ. ಥರ್ಮಾಮೀಟರ್ ಹಾಕಿ ನೋಡಿದರೆ ಜೋನಿಬೆಲ್ಲದ ಈ ಘಳಿಗೆ ಸುಮಾರು 105 ಡಿಗ್ರಿ ಸೆಲ್ಸಿಯಸ್. ಇನ್ನೂ ಹತ್ತು–ಹನ್ನೆರಡು ಡಿಗ್ರಿ ಏರಿದರೆ ಅಚ್ಚುಬೆಲ್ಲದ ಪಾಕ. ನಡುವೆ ನೊರೆಬೆಲ್ಲವೆಂಬ ಪದಾರ್ಥ ಸಿಗುತ್ತದೆ. ಅದನ್ನು ಅಡಿಕೆ ಹಾಳೆಯ ತುಂಡಿನಲ್ಲಿ ಹಾಕಿಕೊಡುವಾಗ ಯಜಮಾನರು ಯಾರಿಗೆ ಎಷ್ಟೆಂದು ಕಣ್ಣಳತೆಯಲ್ಲಿ ಲೆಕ್ಕ ಹಿಡಿಯತೊಡಗುತ್ತಾರೆ. ಜೋನಿಯಾಗಿ ಡಬ್ಬಿ ಸೇರಿದ ಮೇಲಂತೂ ತೂಕ, ದರ, ಬೀಗ. ನೀರು ತಾಗದಂತೆ ಇಟ್ಟ ಜೋನಿ ವರ್ಷಗಟ್ಟಲೆ ಕೆಡುವುದಿಲ್ಲವಲ್ಲ!

ಆದುದರಿಂದ ನಿಯಮ: ಔದಾರ್ಯವು ಪದಾರ್ಥದ ಬಾಳಿಕೆಗೆ ವಿಲೋಮಾನುಪಾತದಲ್ಲಿರುತ್ತದೆ. ಅಳಿವೆಯಲ್ಲಿ ಇಳಿತಕ್ಕೆ ಹೆಕ್ಕಿದ ಬಳಚನ್ನು ನೆರೆಮನೆಗೆ ಹಂಚುವವರು ಒಣಮೀನನ್ನು ಲೆಕ್ಕ ಹಾಕಿ ಕೊಡುವುದೂ ಈ ನಿಯಮದಿಂದಲೇ ಸಿದ್ಧಿಸುತ್ತದೆ. ಅಡಿಕೆ ಮತ್ತು ಕಾಳುಮೆಣಸಿನ ಬೆಳೆಗಾರರ ಬಗ್ಗೆ ನಾವು ಇಲ್ಲಿ ಏನನ್ನೂ ಹೇಳುತ್ತಿಲ್ಲ.

ದಹನ ಪ್ರಕರಣ

ಸಿಹಿ ಕುಡಿದ ಬಾಯಿ ಉಪ್ಪು–ಖಾರ ಬೇಡುತ್ತದೆ. ಮಂಡಕ್ಕಿ, ಮಿರ್ಚಿಭಜಿಗಳು ಬೆಂಕಿಯಲ್ಲಿ ಸುಟ್ಟವಲ್ಲವಾದ್ದರಿಂದ ಅವನ್ನು ಬಿಟ್ಟು, ಕೆಂಡಕ್ಕೆ ಬೀಳುವವನ್ನಷ್ಟೇ ಎಣಿಸಿದರೆ: ಗೆಣಸು, ಹಲಸಿನ ಹಪ್ಪಳ, ಗೊಜ್ಜಿಗೆಂದು ಬದನೆಕಾಯಿ, ಗೇರುಬೀಜ. ಗೇರುಬೀಜ ಸುಡುವುದು ಮಕ್ಕಳ ಕೆಲಸವೆಂದು ದೊಡ್ಡವರೂ, ದೊಡ್ಡವರ ಕೆಲಸವೆಂದು ಮಕ್ಕಳೂ ತಿಳಿದಿದ್ದಾರೆ. ಸಿಪ್ಪೆಯ ಎಣ್ಣೆ ಬೆಂಕಿ ಹತ್ತಿ ಚಿಟಿಲೆಂದು ಸಿಡಿಯುತ್ತದೆ. ತಾಗಿದಲ್ಲಿ ಬೊಕ್ಕೆ ಏಳುತ್ತದೆ.

ಗದ್ದೆಯಂಚಿನ ಆಚೆ ಇನ್ನೊಂದು ಬೆಂಕಿ. ಕರಟದ ಕೆಂಡ, ಅದರ ಮೇಲೆ ಸಾಣಿಕಟ್ಟೆಯ ಉಪ್ಪು ಮತ್ತು ಮೆಣಸು ಸವರಿದ ಬಂಗಡೆ, ಪಕ್ಕದಲ್ಲಿ ಬಳಚು. ಬಿಸಿಗೆ ಬಾಯಿ ಬಿಟ್ಟ ಬಳಚನ್ನು ತಿನ್ನಬೇಕು, ಬಿಡದ್ದನ್ನು ಎಸೆಯಬೇಕು. ಕಮಿಟಿ ಸಭೆಗಳಲ್ಲಿ ಇದರ ವಿರುದ್ಧ ನಿಯಮ ಜಾರಿಗೆ ಬಂದರೆ ಲೋಕಕ್ಕೆ ಒಳ್ಳೆಯದಿತ್ತು.

ಎರಡು ಬೆಂಕಿಗಳ ಅಂತರದ ಬಗ್ಗೆ ಮತಭೇದ ಬಹಳ. ಕೆಲವರು ಅಂತರವನ್ನು ಮಾರುಗಳಲ್ಲಿ ಅಳೆಯುತ್ತಾರೆ. ಇದು ಅವೈಜ್ಞಾನಿಕ. ಮೂಗಿಗೆ ಮಾರು ಗೊತ್ತಿಲ್ಲ, ಗಾಳಿ ಮಾತ್ರ ಗೊತ್ತು. ಕರಾವಳಿಯಲ್ಲಿ ಹಗಲು ನೆಲ ಕಾಯ್ದು ಗಾಳಿ ಕಡಲಿನಿಂದ ಬೀಸುತ್ತದೆ. ರಾತ್ರಿ ನೆಲ ತಣಿದು ಘಟ್ಟದ ಕಡೆಯಿಂದ ಬೀಸುತ್ತದೆ. ಆದ್ದರಿಂದ ಮೀನಿನ ಬೆಂಕಿ ಹಗಲು ಪೂರ್ವಕ್ಕೂ ರಾತ್ರಿ ಪಶ್ಚಿಮಕ್ಕೂ ಇರತಕ್ಕದ್ದು. ಹೊತ್ತು ಮುಳುಗುವಾಗ ಕೆಂಡವನ್ನು ಬಾಣಲೆಯಲ್ಲಿ ತುಂಬಿಕೊಂಡು ಅಂಚು ಬದಲಿಸುವ ಮೆರವಣಿಗೆಯೊಂದು ಇದರಿಂದ ಅನಿವಾರ್ಯವಾಗುತ್ತದೆ. ಗಾಳಿ ತಿರುಗುವ ಮುನ್ನ ಸ್ವಲ್ಪ ಹೊತ್ತು ಪೂರ್ತಿ ನಿಲ್ಲುತ್ತದೆ. ಆಗ ಎಲ್ಲರಿಗೂ ಎಲ್ಲದರ ವಾಸನೆ ಬರುತ್ತದೆ, ಯಾರೂ ಏನೂ ಹೇಳುವುದಿಲ್ಲ. ತಾಳಮದ್ದಳೆಗೆ ಬಂದ ಅರ್ಥಧಾರಿಯೊಬ್ಬರು ಮಾತ್ರ ಆ ಹೊತ್ತಿಗೆ ಸರಿಯಾಗಿ ಅಂಚಿನ ಕಡೆ ತಿರುಗಾಡಿ ಬರುತ್ತೇನೆಂದು ಎದ್ದು ಹೋಗುತ್ತಾರೆ.

ಕಾಲನಿರ್ಣಯ

ಬಳಚಿಗೆ ದೊಡ್ಡ ಇಳಿತ ಬೇಕು. ಅದು ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸು. ಅಮಾವಾಸ್ಯೆಗೆ ಗಾಣ ಹೂಡಲು ಹಿರಿಯರು ಒಪ್ಪುವುದಿಲ್ಲ. ಹುಣ್ಣಿಮೆಗೆ ಎಲ್ಲಾದರೂ ಸತ್ಯನಾರಾಯಣ ಪೂಜೆ. ಅದು ಕಳೆದ ನಾಲ್ಕು ದಿನಕ್ಕೆ ಸಂಕಷ್ಟಿ. ಸೋಮವಾರ ಮೀನು ಮುಟ್ಟದವರಿದ್ದಾರೆ, ಶನಿವಾರ ಮುಟ್ಟದವರೂ ಇದ್ದಾರೆ. ಶಿವರಾತ್ರಿಯೆಂದರೆ ಊರಿಗೆ ಊರೇ ಗೋಕರ್ಣದ ತೇರಿಗೆ. ರಾತ್ರಿಯಾದರೆ ಎಲ್ಲಿಯಾದರೂ ಯಕ್ಷಗಾನದ ಆಟ ಇದ್ದೇ ಇದೆ. ಬೆಂಗಳೂರಿನ ಮಾಣಿಗೆ ಬಿಡುವಿರುವುದು ಶನಿವಾರ, ರವಿವಾರ ಮಾತ್ರ. ರವಿವಾರ ರಾತ್ರಿ ಅವನ ಬಸ್ಸು. ಇವೆಲ್ಲವನ್ನೂ ಕಳೆದು ಗುಣಿಸಿದಾಗ ಶುದ್ಧ ಮುಹೂರ್ತವೆಂಬುದು ಶೂನ್ಯ ಬರುತ್ತದೆ. ಹಿಂದಿನವರಿಗೆ ಈ ತೊಂದರೆ ಇರಲಿಲ್ಲ. ಕಬ್ಬು ಹಣ್ಣಾದ ದಿನ ಕಡಿದರು, ಕಡಿದ ದಿನ ಅರೆದರು, ಗಾಣದ ಸದ್ದು ಕೇಳಿದವರು ಬಂದರು. ಕೋಣ ಹೋಗಿ ಡೀಸೆಲ್ ಎಂಜಿನ್ ಬಂದ ಮೇಲೆ ಸದ್ದು ಇನ್ನೂ ದೂರ ಕೇಳುತ್ತದೆ. ಆದರೂ ಗ್ರೂಪಿನಲ್ಲಿ ದಿನಾಂಕ ಕೇಳುತ್ತಾರೆ.

ಇಷ್ಟನ್ನೂ ಪರಾಮರ್ಶಿಸಿ ಕೊಡುವ ನಿರ್ಣಯ: ದಿನ ಗೊತ್ತುಮಾಡಲು ಸಮಿತಿ ಬೇಡ. ಕಬ್ಬು ಕಡಿಯುವ ಸುದ್ದಿ ಬಂದ ದಿನ ಬರತಕ್ಕದ್ದು. ಬರುವವರು ಸ್ವಂತ ಚೊಂಬು ತರಬೇಕು. ಮನೆಗೆ ಒಯ್ಯುವವರು ಮುಚ್ಚಳವಿರುವ ಪಾತ್ರೆ ತಂದು, ಅದೇ ದಿನ ದೋಸೆಯನ್ನೋ ಮಣ್ಣಿಯನ್ನೋ ಮಾಡಿ ಮುಗಿಸಬೇಕು. ಗ್ರೂಪಿನಲ್ಲಿ ಒತ್ತಿದ ಹೆಬ್ಬೆಟ್ಟನ್ನು ಹಾಜರಿಯೆಂದು ಪರಿಗಣಿಸಲಾಗದು. ಜೋನಿಬೆಲ್ಲದ ದರವನ್ನು ಪ್ರತ್ಯೇಕ ವಿಚಾರಿಸಿರಿ.